ಲಿಪಿಡ್ ರಿಪೋರ್ಟ್ ಓದುವ ಕ್ರಮ: ‘ನಾರ್ಮಲ್’ ಎಂದು ಬರೆದದ್ದು ನಿಮಗೆ ನಾರ್ಮಲ್ ಆಗಿರಬೇಕಿಲ್ಲ

ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನಂಶಗಳ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಕಣ್ಣು ಹುಡುಕುವುದು ದಪ್ಪಕ್ಷರದ ಅಂಕಿಗಳನ್ನು. ದಪ್ಪಕ್ಷರ ಇಲ್ಲದಿದ್ದರೆ ನೆಮ್ಮದಿ, ಇದ್ದರೆ ಗಾಬರಿ. ಎರಡೂ ತಪ್ಪಾಗಬಹುದು. ಒಮ್ಮೆ ಹೃದಯಾಘಾತ ಆದವರ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) 98 ಬಂದರೆ ಲ್ಯಾಬ್ ಯಾವ ಗುರುತೂ ಹಾಕುವುದಿಲ್ಲ, ಆದರೆ ಅವರ ಮಟ್ಟಿಗೆ ಅದು ಹೆಚ್ಚು. ಮೂವತ್ತು ವರ್ಷದ ಆರೋಗ್ಯವಂತ ಮಹಿಳೆಯ ಒಟ್ಟು ಕೊಲೆಸ್ಟ್ರಾಲ್ 212 ಬಂದರೆ ಗುರುತು ಬೀಳುತ್ತದೆ, ಆದರೆ ಅವರ ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) 78, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) 80 ಇದ್ದರೆ ಅಲ್ಲಿ ಹೆದರುವಂಥದ್ದು ಹೆಚ್ಚೇನಿಲ್ಲ. ರಿಪೋರ್ಟಿನ ಬಲಬದಿಯ ಅಂಕಣಕ್ಕೆ ನಿಮ್ಮ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ ಯಾವುದೂ ಗೊತ್ತಿರುವುದಿಲ್ಲ. ಅವನ್ನೆಲ್ಲ ಜೊತೆಗಿಟ್ಟುಕೊಂಡು ಓದುವ ಕ್ರಮ ಇಲ್ಲಿದೆ.

ಹಂತ 1: ಮೊದಲು ಅಳತೆಯ ಘಟಕ ನೋಡಿ

ಕೆಲವು ದೇಶಗಳ ಲ್ಯಾಬ್‌ಗಳು ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂದು ಬರೆಯುತ್ತವೆ, ಇನ್ನು ಕೆಲವು ಲೀಟರಿಗೆ ಎಷ್ಟು ಮಿಲಿಮೋಲ್ ಎಂದು. ಕೊಲೆಸ್ಟ್ರಾಲ್ 5.2 ಎಂದಿದ್ದರೆ ಅದು ಎರಡನೆಯ ಘಟಕ. ಒಟ್ಟು, ಎಲ್‌ಡಿಎಲ್, ಎಚ್‌ಡಿಎಲ್ ಮೂರನ್ನೂ ಮಿಲಿಗ್ರಾಂಗೆ ತರಲು 38.67ರಿಂದ ಗುಣಿಸಬೇಕು, 5.2 ಎಂದರೆ ಸುಮಾರು 200. ಟ್ರೈಗ್ಲಿಸರೈಡ್ ಬೇರೆ ಬಗೆಯ ಅಣು, ಅದರ ಗುಣಕ 88.57, 1.7 ಎಂದರೆ ಸುಮಾರು 150. ಎರಡಕ್ಕೂ ಒಂದೇ ಗುಣಕ ಬಳಸಿ ಲೆಕ್ಕ ಕೆಡಿಸಿಕೊಳ್ಳುವವರು ಬಹಳ. ಈ ಲೇಖನದ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿವೆ.

ಹಂತ 2: ರಕ್ತ ಕೊಟ್ಟ ದಿನ ಹೇಗಿತ್ತು ಎಂದು ನೆನಪಿಸಿಕೊಳ್ಳಿ

ಅಂಕಿ ಸರಿಯೋ ತಪ್ಪೋ ಎಂದು ಯೋಚಿಸುವ ಮೊದಲು, ಆ ದಿನದ ರಕ್ತ ನಿಮ್ಮ ದಿನನಿತ್ಯದ ಸ್ಥಿತಿಯನ್ನು ತೋರಿಸುವಂಥದ್ದೇ ಎಂದು ಕೇಳಿಕೊಳ್ಳಿ.

ಹೊಟ್ಟೆ ಖಾಲಿ ಇರಬೇಕೇ? ಮೊದಲೆಲ್ಲ 9ರಿಂದ 12 ಗಂಟೆ ಉಪವಾಸ ಕಡ್ಡಾಯವಾಗಿತ್ತು. ಈಗ ಮೊದಲ ತಪಾಸಣೆಗೆ ಅದು ಬೇಕಿಲ್ಲ ಎಂಬುದು ಹಲವು ದೇಶಗಳ ತಜ್ಞರ ನಿಲುವು; ಯುರೋಪಿನ ತಜ್ಞರು 2016ರಲ್ಲೇ ಹಾಗೆ ಶಿಫಾರಸು ಮಾಡಿದರು. ಸಾಮಾನ್ಯ ಊಟದ ನಂತರ ಟ್ರೈಗ್ಲಿಸರೈಡ್ ಸರಾಸರಿ 26ರಷ್ಟು ಏರುತ್ತದೆ, ಎಲ್‌ಡಿಎಲ್ 8ರಷ್ಟು ಇಳಿಯುತ್ತದೆ, ಎಚ್‌ಡಿಎಲ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಉಂಡು ಕೊಟ್ಟ ರಕ್ತದಲ್ಲಿ ಟ್ರೈಗ್ಲಿಸರೈಡ್‌ನ ಗಡಿ 150 ಅಲ್ಲ, 175. ಅದು 400 ದಾಟಿದ್ದರೆ ಮಾತ್ರ ಉಪವಾಸದಲ್ಲಿ ಮತ್ತೊಮ್ಮೆ ಕೊಡಬೇಕು. ಹಿಂದೆ ಟ್ರೈಗ್ಲಿಸರೈಡ್ ಹೆಚ್ಚು ಬಂದವರು ಮೊದಲ ಸಲವೇ ಉಪವಾಸದಲ್ಲಿ ಕೊಡುವುದು ಮೇಲು. ಉಪವಾಸವೆಂದರೆ ನೀರೂ ಬಿಡಬೇಕೆಂದಲ್ಲ, ನೀರು ಧಾರಾಳವಾಗಿ ಕುಡಿಯಬಹುದು. 12 ಗಂಟೆಗಿಂತ ಹೆಚ್ಚು ಹಸಿದಿರುವುದರಿಂದ ಯಾವ ಲಾಭವೂ ಇಲ್ಲ.

ಹಿಂದಿನ ರಾತ್ರಿಯ ಮದ್ಯ ಟ್ರೈಗ್ಲಿಸರೈಡನ್ನು ಚೆನ್ನಾಗಿಯೇ ಏರಿಸುತ್ತದೆ. ಕನಿಷ್ಠ 24 ಗಂಟೆ ಮೊದಲೇ ನಿಲ್ಲಿಸಿರಬೇಕು. ಪರೀಕ್ಷೆಗೆಂದು ಒಂದು ವಾರ ಮಾತ್ರ ಪಥ್ಯ ಮಾಡಬೇಡಿ. ಆಗ ಸಿಗುವುದು ಆ ವಾರದ ಅಂಕಿ, ನಿಮ್ಮದಲ್ಲ. ಈಗಾಗಲೇ ತೆಗೆದುಕೊಳ್ಳುತ್ತಿರುವ ಕೊಲೆಸ್ಟ್ರಾಲ್ ಮಾತ್ರೆಯನ್ನು ‘ನಿಜವಾದ’ ಅಂಕಿ ತಿಳಿಯಲೆಂದು ಬಿಡುವುದಂತೂ ದೊಡ್ಡ ತಪ್ಪು. ವೈದ್ಯರಿಗೆ ತಿಳಿಯಬೇಕಾದದ್ದೇ ಮಾತ್ರೆ ಎಷ್ಟು ಕೆಲಸ ಮಾಡುತ್ತಿದೆ ಎಂಬುದು.

ಜ್ವರ, ಸೋಂಕು, ಶಸ್ತ್ರಚಿಕಿತ್ಸೆ, ಹೃದಯಾಘಾತ ಇವುಗಳ ನಂತರ ಎಲ್‌ಡಿಎಲ್ ಕೆಲವು ವಾರ ಸುಳ್ಳಾಗಿ ಕಡಿಮೆ ತೋರುತ್ತದೆ. ಹೃದಯಾಘಾತವಾದ ಮೊದಲ 24 ಗಂಟೆಯೊಳಗೆ ತೆಗೆದ ರಕ್ತ ಹೆಚ್ಚು ನಂಬಿಕೆಗೆ ಅರ್ಹ, ಮೂರನೆಯ ದಿನದ್ದು ಅಷ್ಟಲ್ಲ. ಗರ್ಭಿಣಿಯರಲ್ಲಿ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎರಡೂ ಸಹಜವಾಗಿಯೇ ಏರುತ್ತವೆ; ಹೆರಿಗೆಯ ನಂತರ ಕನಿಷ್ಠ ಆರು ವಾರ ಕಾದು ನೋಡುವುದು ಸರಿ. ದೇಹದ ಭಂಗಿಯೂ ಪರಿಣಾಮ ಬೀರುತ್ತದೆ. ನಿಂತಾಗ ರಕ್ತದ ನೀರಿನಂಶ ಅಂಗಾಂಶಗಳಿಗೆ ಜಾರಿ ಕೊಲೆಸ್ಟ್ರಾಲ್ ಸಾಂದ್ರವಾಗುತ್ತದೆ, ಮಲಗಿದಾಗ ತೆಳುವಾಗುತ್ತದೆ. ಆದ್ದರಿಂದ ಐದು ನಿಮಿಷ ಕುಳಿತು ಆಮೇಲೆ ರಕ್ತ ಕೊಡಿ, ಪ್ರತಿ ಸಲವೂ ಹಾಗೆಯೇ. ತೋಳಿಗೆ ಕಟ್ಟಿದ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿಯಾಗಿ ಉಳಿದರೂ ಅಂಕಿ ಮೇಲಕ್ಕೆ ಹೋಗುತ್ತದೆ.

ಹಂತ 3: ಓದುವ ಕ್ರಮ ಬದಲಿಸಿ, ಟ್ರೈಗ್ಲಿಸರೈಡ್‌ನಿಂದ ಶುರುಮಾಡಿ

ರಿಪೋರ್ಟಿನ ಮೊದಲ ಸಾಲಿನಲ್ಲಿರುವುದು ಒಟ್ಟು ಕೊಲೆಸ್ಟ್ರಾಲ್. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಟ್ರೈಗ್ಲಿಸರೈಡ್ ನೋಡಬೇಕು, ಏಕೆಂದರೆ ಎಲ್‌ಡಿಎಲ್ ಅಂಕಿಯನ್ನು ಎಷ್ಟು ನಂಬಬಹುದು ಎಂಬುದು ಅದರ ಮೇಲೆ ನಿಂತಿದೆ.

ಉಪವಾಸದಲ್ಲಿ 150ರೊಳಗಿದ್ದರೆ ಸಾಮಾನ್ಯ. 150ರಿಂದ 199 ಗಡಿರೇಖೆ, 200ರಿಂದ 499 ಹೆಚ್ಚು, 500 ಮತ್ತು ಮೇಲೆ ಅತಿ ಹೆಚ್ಚು. ಕೊನೆಯ ಗುಂಪಿನಲ್ಲಿ ತುರ್ತು ಚಿಂತೆ ಹೃದಯದ್ದಲ್ಲ, ಪ್ಯಾಂಕ್ರಿಯಾಟೈಟಿಸ್‌ನದು, ಅಂದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತದ್ದು. 1000 ದಾಟಿದರೆ ಆ ಅಪಾಯ ಗಣನೀಯ. ಅಂಥವರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ತೀವ್ರ ನೋವು ಎದ್ದು ಬೆನ್ನಿಗೆ ಹರಡುತ್ತಿದ್ದರೆ, ವಾಂತಿ ಇದ್ದರೆ, ಮರುದಿನಕ್ಕೆ ಮುಂದೂಡದೆ ಆಸ್ಪತ್ರೆಗೆ ಹೋಗಬೇಕು.

ಟ್ರೈಗ್ಲಿಸರೈಡ್ ತೀರಾ ಹೆಚ್ಚಿದ್ದಾಗ ರಕ್ತದ ಸೀರಂ ಹಾಲಿನಂತೆ ಬೆಳ್ಳಗಾಗುತ್ತದೆ. ‘ಲಿಪೀಮಿಕ್ ಸ್ಯಾಂಪಲ್’ ಎಂದು ರಿಪೋರ್ಟಿನ ಕೆಳಗೆ ಬರೆದಿದ್ದರೆ ಅದು ಇದೇ. ಆ ಮಾದರಿಯಲ್ಲಿ ಬೇರೆ ಪರೀಕ್ಷೆಗಳೂ ಎಡವುತ್ತವೆ. ಸೋಡಿಯಂ ಸುಳ್ಳಾಗಿ ಕಡಿಮೆ ಬರುವುದು ಪರಿಚಿತ ಉದಾಹರಣೆ.

ಹಂತ 4: ಎಲ್‌ಡಿಎಲ್ ಅಳೆದದ್ದೋ, ಲೆಕ್ಕ ಹಾಕಿದ್ದೋ?

ಹೆಚ್ಚಿನ ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಉಳಿದ ಮೂರನ್ನು ಅಳೆದು ಇದನ್ನು ಕಳೆಯುವ ಲೆಕ್ಕದಿಂದ ಪಡೆಯುತ್ತವೆ. 1972ರಲ್ಲಿ ಪ್ರಕಟವಾದ ಫ್ರೀಡ್‌ವಾಲ್ಡ್ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಆಮೇಲೆ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಿರಿ. ಮಿಲಿಮೋಲ್ ಲೆಕ್ಕವಾದರೆ ಐದರ ಬದಲು 2.2ರಿಂದ ಭಾಗಿಸಬೇಕು. ನಿಮ್ಮ ರಿಪೋರ್ಟಿನ ವಿಎಲ್‌ಡಿಎಲ್ (ಟ್ರೈಗ್ಲಿಸರೈಡ್ ಹೊರುವ ಕಣಗಳ ಕೊಲೆಸ್ಟ್ರಾಲ್) ಅಂಕಿ ಟ್ರೈಗ್ಲಿಸರೈಡ್‌ನ ಐದನೇ ಒಂದಕ್ಕೆ ಸರಿಯಾಗಿ ಹೊಂದಿದರೆ ನಿಮ್ಮ ಲ್ಯಾಬ್ ಇದೇ ಸೂತ್ರ ಹಿಡಿದಿದೆ ಎಂದರ್ಥ. ಆ ವಿಎಲ್‌ಡಿಎಲ್ ಕೂಡ ಅಳೆದದ್ದಲ್ಲ, ಹೊಸ ಮಾಹಿತಿಯೇನೂ ಅದರಲ್ಲಿಲ್ಲ. ಅದಕ್ಕೆ ಗುರುತು ಬಿದ್ದಿದೆಯೆಂದು ಪ್ರತ್ಯೇಕವಾಗಿ ಚಿಂತಿಸಬೇಕಿಲ್ಲ.

ಈ ಸೂತ್ರ ಎರಡು ಕಡೆ ಕೈಕೊಡುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಐದನೇ ಒಂದು ಎಂಬ ಅಂದಾಜೇ ಮುರಿಯುತ್ತದೆ, ಆಗ ಬಂದ ಎಲ್‌ಡಿಎಲ್‌ಗೆ ಬೆಲೆ ಇಲ್ಲ. ಎರಡನೆಯದು ಕಣ್ಣಿಗೆ ಬೀಳದ ತಪ್ಪು, ಹಾಗಾಗಿ ಹೆಚ್ಚು ಅಪಾಯದ್ದು: ಎಲ್‌ಡಿಎಲ್ 70ಕ್ಕಿಂತ ಕಡಿಮೆ, ಟ್ರೈಗ್ಲಿಸರೈಡ್ 150ಕ್ಕಿಂತ ಹೆಚ್ಚು ಇದ್ದಾಗ ಸೂತ್ರ ಎಲ್‌ಡಿಎಲ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಒಟ್ಟು 150, ಎಚ್‌ಡಿಎಲ್ 35, ಟ್ರೈಗ್ಲಿಸರೈಡ್ 260 ಇರುವವರ ಲೆಕ್ಕ ಹಾಕಿ ನೋಡಿ: 150ರಲ್ಲಿ 35 ಕಳೆದು 115, ಅದರಲ್ಲಿ 52 ಕಳೆದು 63. ಹೃದ್ರೋಗಿಗೆ ‘70ರೊಳಗೆ ಬಂತಲ್ಲ’ ಎಂಬ ಸಮಾಧಾನ ಸಿಗುತ್ತದೆ, ನಿಜವಾದ ಅಂಕಿ 70ರ ಮೇಲಿರಬಹುದು. 2013ರ ಮಾರ್ಟಿನ್–ಹಾಪ್ಕಿನ್ಸ್ ವಿಧಾನ, 2020ರ ಸ್ಯಾಂಪ್ಸನ್ ಸೂತ್ರ ಈ ದೋಷವನ್ನು ಬಹುಮಟ್ಟಿಗೆ ಸರಿಪಡಿಸುತ್ತವೆ. ಯಾವ ವಿಧಾನ ಬಳಸಿದ್ದೀರಿ ಎಂದು ಲ್ಯಾಬ್ ಅನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ಎಲ್‌ಡಿಎಲ್‌ನ ಸಾಮಾನ್ಯ ವರ್ಗೀಕರಣ ಹೀಗಿದೆ: 100ಕ್ಕಿಂತ ಕಡಿಮೆ ಉತ್ತಮ, 100ರಿಂದ 129 ಅದಕ್ಕೆ ಹತ್ತಿರ, 130ರಿಂದ 159 ಗಡಿರೇಖೆ, 160ರಿಂದ 189 ಹೆಚ್ಚು, 190 ಮತ್ತು ಮೇಲೆ ಅತಿ ಹೆಚ್ಚು. ಇದು ಎಲ್ಲರಿಗೂ ಸಮಾನವಾಗಿ ಹಚ್ಚಿದ ಪಟ್ಟಿ. ನಿಮಗೆ ಹೊಂದುವ ಅಂಕಿ ಆರನೆಯ ಹಂತದಲ್ಲಿ ಸಿಗುತ್ತದೆ.

ಹಂತ 5: ಒಂದೇ ಒಂದು ಕಳೆಯುವ ಲೆಕ್ಕ ಮಾಡಿ

ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದರೆ ಬರುವುದು ನಾನ್-ಎಚ್‌ಡಿಎಲ್. ಎಷ್ಟೋ ರಿಪೋರ್ಟ್‌ಗಳಲ್ಲಿ ಈ ಸಾಲು ಇರುವುದೇ ಇಲ್ಲ, ಇದ್ದರೂ ಯಾರೂ ನೋಡುವುದಿಲ್ಲ. ಆದರೆ ಇಡೀ ಹಾಳೆಯಲ್ಲಿ ಅತ್ಯಂತ ಪ್ರಾಮಾಣಿಕವಾದ ಅಂಕಿ ಇದೇ ಎನ್ನಬಹುದು. ರಕ್ತನಾಳದ ಗೋಡೆಯೊಳಕ್ಕೆ ನುಸುಳಿ ಕೊಬ್ಬು ಕಟ್ಟಿಸುವ ಕಣಗಳಲ್ಲಿ ಎಲ್‌ಡಿಎಲ್ ಮುಖ್ಯವಾದದ್ದು ನಿಜ, ಆದರೆ ವಿಎಲ್‌ಡಿಎಲ್ ಮತ್ತು ಅದರ ಅವಶೇಷ ಕಣಗಳೂ ಅದೇ ಕೆಲಸ ಮಾಡುತ್ತವೆ. ನಾನ್-ಎಚ್‌ಡಿಎಲ್ ಇವೆಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ. ಅಳೆದ ಎರಡೇ ಅಂಕಿಗಳಿಂದ ಬರುವುದರಿಂದ ಟ್ರೈಗ್ಲಿಸರೈಡ್ ಎಷ್ಟೇ ಇದ್ದರೂ ಲೆಕ್ಕ ಕೆಡುವುದಿಲ್ಲ, ಉಪವಾಸವೂ ಬೇಡ.

ಇದರ ಗುರಿ ನೆನಪಿಡುವುದು ಸುಲಭ: ನಿಮ್ಮ ಎಲ್‌ಡಿಎಲ್ ಗುರಿಗೆ 30 ಕೂಡಿಸಿ. ಎಲ್‌ಡಿಎಲ್ 100ರೊಳಗಿರಬೇಕಾದವರಿಗೆ ನಾನ್-ಎಚ್‌ಡಿಎಲ್ 130ರೊಳಗಿರಬೇಕು.

ಒಂದು ರಿಪೋರ್ಟ್ ತೆಗೆದುಕೊಳ್ಳೋಣ. ಒಟ್ಟು 228, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 290. ಸೂತ್ರದ ಪ್ರಕಾರ ಎಲ್‌ಡಿಎಲ್ 132, ಗಡಿರೇಖೆಯ ತೀರಾ ಕೆಳಗಿನ ತುದಿ. ಆದರೆ ನಾನ್-ಎಚ್‌ಡಿಎಲ್ 190, ಅದು ಹೆಚ್ಚು ಎಂಬ ವರ್ಗಕ್ಕೇ ಸೇರುತ್ತದೆ. ಹೊಟ್ಟೆಯ ಸುತ್ತ ಬೊಜ್ಜು, ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಜೋಡಿ ಬಹಳ ಸಾಮಾನ್ಯ: ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ, ಎಲ್‌ಡಿಎಲ್ ಮಾತ್ರ ಸಾಧುವಾಗಿ ಕಾಣುತ್ತದೆ. ಅವರಲ್ಲಿ ಎಲ್‌ಡಿಎಲ್ ಕಣಗಳು ಚಿಕ್ಕವು. ಪ್ರತಿಯೊಂದೂ ಹೊರುವ ಕೊಲೆಸ್ಟ್ರಾಲ್ ಕಡಿಮೆ, ಆದರೆ ಕಣಗಳ ಸಂಖ್ಯೆ ಹೆಚ್ಚು. ರಕ್ತನಾಳಕ್ಕೆ ಕೇಡು ಮಾಡುವುದು ಹೊರೆಗಿಂತ ಹೊರುವವರ ಸಂಖ್ಯೆ. ಆ ಸಂಖ್ಯೆಯನ್ನೇ ತಿಳಿಯಬೇಕೆಂದರೆ ಅಪೊಬಿ ಪರೀಕ್ಷೆ ಇದೆ. ಇಂಥ ಪ್ರತಿ ಕಣದ ಮೇಲೂ ಒಂದೇ ಒಂದು ಅಪೊಬಿ ಅಣು ಇರುತ್ತದೆ. 130 ಮತ್ತು ಮೇಲಿದ್ದರೆ ಅದು ಅಪಾಯ ಹೆಚ್ಚಿಸುವ ಅಂಶ. ಟ್ರೈಗ್ಲಿಸರೈಡ್ 200ರ ಆಚೆ ಇರುವವರು ಇದನ್ನು ವೈದ್ಯರ ಬಳಿ ಕೇಳಿ ಮಾಡಿಸಿಕೊಳ್ಳುವುದು ಸಾರ್ಥಕ.

ಎಚ್‌ಡಿಎಲ್ ಬಗ್ಗೆ ಒಂದು ಹಳೆಯ ನಂಬಿಕೆ

ಪುರುಷರಲ್ಲಿ 40ಕ್ಕಿಂತ, ಮಹಿಳೆಯರಲ್ಲಿ 50ಕ್ಕಿಂತ ಕಡಿಮೆ ಇದ್ದರೆ ಎಚ್‌ಡಿಎಲ್ ಕಡಿಮೆ ಎನ್ನುತ್ತಾರೆ. ಕಡಿಮೆ ಎಚ್‌ಡಿಎಲ್ ಅಪಾಯದ ಒಳ್ಳೆಯ ಸೂಚಕ, ಅದರಲ್ಲಿ ಸಂಶಯವಿಲ್ಲ. ಆದರೆ ಅದನ್ನು ಏರಿಸಿದರೆ ಅಪಾಯ ಇಳಿಯುತ್ತದೆ ಎಂಬುದು ಸಾಬೀತಾಗಲಿಲ್ಲ. ಎಚ್‌ಡಿಎಲ್ ಚೆನ್ನಾಗಿ ಏರಿಸುತ್ತಿದ್ದ ಟಾರ್ಸೆಟ್ರಾಪಿಬ್ ಔಷಧದ ಪ್ರಯೋಗವನ್ನು ಸಾವುಗಳು ಹೆಚ್ಚಿದ ಕಾರಣಕ್ಕೆ 2006ರಲ್ಲಿ ನಿಲ್ಲಿಸಬೇಕಾಯಿತು. ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಜೊತೆಗೆ ಎಚ್‌ಡಿಎಲ್ ಏರಿಸುವ ನಯಾಸಿನ್ ಕೊಟ್ಟ ದೊಡ್ಡ ಪ್ರಯೋಗಗಳಲ್ಲೂ ಲಾಭ ಕಾಣಲಿಲ್ಲ. ದೊಡ್ಡ ಜನಸಮೂಹಗಳನ್ನು ಗಮನಿಸಿದ ಅಧ್ಯಯನಗಳಲ್ಲಿ ಎಚ್‌ಡಿಎಲ್ ತೀರಾ ಹೆಚ್ಚಿರುವವರ ಸ್ಥಿತಿ ಉತ್ತಮವೇನೂ ಆಗಿರಲಿಲ್ಲ.

ಹಾಗಾಗಿ ‘ನನ್ನ ಎಲ್‌ಡಿಎಲ್ 165 ಇದೆ, ಆದರೆ ಎಚ್‌ಡಿಎಲ್ 70, ಅದೇ ಕಾಯುತ್ತದೆ’ ಎಂಬ ಲೆಕ್ಕ ಬೇಡ. ಒಟ್ಟು–ಎಚ್‌ಡಿಎಲ್ ಅನುಪಾತ ಚೆನ್ನಾಗಿದೆ ಎಂದು ಹೆಚ್ಚಿನ ಎಲ್‌ಡಿಎಲ್ ಅನ್ನು ಬದಿಗೆ ಸರಿಸುವುದೂ ಇದೇ ತಪ್ಪು. ಇನ್ನೊಂದು ತುದಿಯಲ್ಲಿ, ಎಚ್‌ಡಿಎಲ್ 20ಕ್ಕಿಂತ ಕೆಳಗೆ ಬಂದರೆ ವೈದ್ಯರು ಕಾರಣ ಹುಡುಕಬೇಕು. ಮಾಂಸಖಂಡ ಬೆಳೆಸಲು ತೆಗೆದುಕೊಳ್ಳುವ ಅನಬಾಲಿಕ್ ಸ್ಟೆರಾಯ್ಡ್ ಒಂದು ಸಾಮಾನ್ಯ ಕಾರಣ, ರೋಗಿ ಅದನ್ನು ತಾನಾಗಿ ಹೇಳುವುದು ಅಪರೂಪ.

ಹಂತ 6: ನಿಮ್ಮ ಗುರಿ ಯಾವುದು?

ಯುರೋಪಿನ ಹೃದ್ರೋಗ ತಜ್ಞರ 2019ರ ಮಾರ್ಗಸೂಚಿ ಇಲ್ಲಿ ಸ್ಪಷ್ಟವಾಗಿದೆ. ಹೃದಯಾಘಾತ, ಪಾರ್ಶ್ವವಾಯು, ಸ್ಟೆಂಟ್ ಅಥವಾ ಬೈಪಾಸ್ ಆದವರು ಅತಿ ಹೆಚ್ಚು ಅಪಾಯದ ಗುಂಪು: ಎಲ್‌ಡಿಎಲ್ 55ರೊಳಗೆ ಬರಬೇಕು, ಜೊತೆಗೆ ಮೂಲ ಅಂಕಿಯಿಂದ ಅರ್ಧದಷ್ಟಾದರೂ ಇಳಿಯಬೇಕು. ಹೆಚ್ಚು ಅಪಾಯದವರಿಗೆ 70, ಮಧ್ಯಮದವರಿಗೆ 100, ಕಡಿಮೆ ಅಪಾಯದವರಿಗೆ 116. ಬೇರೆ ದೇಶಗಳ ಮಾರ್ಗಸೂಚಿಗಳಲ್ಲಿ ಅಂಕಿ ಸ್ವಲ್ಪ ಹಿಂದೆಮುಂದೆ ಇರುತ್ತದೆ, ತತ್ವ ಒಂದೇ: ಅಪಾಯ ಹೆಚ್ಚಿದಷ್ಟೂ ಗುರಿ ಕೆಳಗೆ. ಮೊದಲು ಹೇಳಿದ 98ರ ಹೃದ್ರೋಗಿ ಗುರಿಯಿಂದ 43 ಅಂಕಿ ದೂರದಲ್ಲಿದ್ದಾರೆ, ಅವರ ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದೇ ಇದ್ದರೂ.

ಕಾಯಿಲೆ ಇನ್ನೂ ಇಲ್ಲದವರಿಗೆ ಅಪಾಯವನ್ನು ಅಂದಾಜು ಮಾಡುವ ಕ್ಯಾಲ್ಕ್ಯುಲೇಟರ್‌ಗಳಿವೆ. ಯುರೋಪಿನ ಸ್ಕೋರ್-2, ಅಮೆರಿಕದ ಹೃದ್ರೋಗ ಸಂಘದ ಪ್ರಿವೆಂಟ್ ಬಳಕೆಯಲ್ಲಿರುವವು. ಎರಡು ಎಚ್ಚರಿಕೆ. ಈಗಾಗಲೇ ಹೃದ್ರೋಗ ಇರುವವರಿಗೆ ಇವು ಅಲ್ಲವೇ ಅಲ್ಲ. ಎಲ್‌ಡಿಎಲ್ 190 ಮತ್ತು ಮೇಲಿರುವವರೂ ಕ್ಯಾಲ್ಕ್ಯುಲೇಟರ್ ತೆರೆಯಬೇಕಿಲ್ಲ. ಅವರ ಅಪಾಯವನ್ನು ಅದು ಕಡಿಮೆ ಮಾಡಿ ಹೇಳುತ್ತದೆ.

190ರ ವಿಷಯಕ್ಕೆ ಬೇರೆಯೇ ಮಹತ್ವವಿದೆ. ಚಿಕಿತ್ಸೆ ಇಲ್ಲದೆ ವಯಸ್ಕರಲ್ಲಿ 190, ಮಕ್ಕಳಲ್ಲಿ 160 ದಾಟಿದ್ದರೆ ವಂಶಪಾರಂಪರ್ಯದ ಹೈಪರ್‌ಕೊಲೆಸ್ಟರಾಲೀಮಿಯಾ, ಅಂದರೆ ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಹೆಚ್ಚಿರುವ ಸ್ಥಿತಿ, ಇದೆಯೇ ಎಂದು ನೋಡಬೇಕು. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುವ ಸ್ಥಿತಿ ಇದು. ರಕ್ತದಿಂದ ಎಲ್‌ಡಿಎಲ್ ಅನ್ನು ಹಿಡಿದು ತೆಗೆಯುವ ಯಕೃತ್ತಿನ ಗ್ರಾಹಕಗಳು ಇವರಲ್ಲಿ ಕಡಿಮೆ ಅಥವಾ ದೋಷಪೂರಿತ. ಆ ಗ್ರಾಹಕವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್‌ಗೆ 1985ರಲ್ಲಿ ನೊಬೆಲ್ ಬಂತು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗಿರುವುದು, 45ಕ್ಕೂ ಮೊದಲೇ ಕಣ್ಣಿನ ಕಪ್ಪುಗುಡ್ಡೆಯ ಸುತ್ತ ಬಿಳಿ ಉಂಗುರ ಕಾಣಿಸುವುದು ಸುಳಿವುಗಳು. ಮನೆಯಲ್ಲಿ ಒಬ್ಬರಿಗೆ ಪತ್ತೆಯಾದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಇರುತ್ತದೆ, ಒಡಹುಟ್ಟಿದವರಿಗೂ ಹಾಗೆಯೇ. ಅವರೆಲ್ಲರ ರಕ್ತ ಪರೀಕ್ಷೆ ಆಗಲೇಬೇಕು. ಇಂಥವರಿಗೆ ‘ಎಣ್ಣೆ ಕಡಿಮೆ ಮಾಡಿ, ಆರು ತಿಂಗಳು ಬಿಟ್ಟು ನೋಡೋಣ’ ಎಂದು ಕಳಿಸುವುದು ಸರಿಯಲ್ಲ. ಹುಟ್ಟಿದಂದಿನಿಂದ ಏರಿದ ಎಲ್‌ಡಿಎಲ್ ಹೊತ್ತಿರುವ ರಕ್ತನಾಳಗಳಿಗೆ ಕಾಯುವ ಸಮಯವಿಲ್ಲ.

ಇದರ ಜೊತೆಗೇ ಬದುಕಿನಲ್ಲಿ ಒಂದು ಸಲ ಮಾಡಿಸಬೇಕಾದದ್ದು ಲಿಪೊಪ್ರೋಟೀನ್-ಎ (ಎಲ್‌ಡಿಎಲ್ ಹೋಲುವ ಇನ್ನೊಂದು ಕಣ) ಪರೀಕ್ಷೆ. ಇದು ಬಹುಪಾಲು ಹುಟ್ಟಿನಿಂದಲೇ ನಿಗದಿಯಾಗಿರುತ್ತದೆ, ಪಥ್ಯ ವ್ಯಾಯಾಮಗಳಿಂದ ಹೆಚ್ಚು ಬದಲಾಗುವುದಿಲ್ಲ, ಸಾಮಾನ್ಯ ಲಿಪಿಡ್ ಪ್ರೊಫೈಲ್‌ನಲ್ಲಿ ಕಾಣಿಸುವುದೂ ಇಲ್ಲ. 50 ಮಿಲಿಗ್ರಾಂ ಅಥವಾ ಲೀಟರಿಗೆ 125 ನ್ಯಾನೊಮೋಲ್ ದಾಟಿದ್ದರೆ ಅಪಾಯ ಹೆಚ್ಚು. ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತಗಳಾಗಿದ್ದು ಉಳಿದೆಲ್ಲ ಅಂಕಿ ಚೆನ್ನಾಗಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಹಂತ 7: ಬೇರೆ ಕಾಯಿಲೆ ಮರೆಯಲ್ಲಿದೆಯೇ?

ಅಂಕಿ ಹೆಚ್ಚಿದ ಕೂಡಲೇ ಊಟವನ್ನು ದೂರುವ ಅಭ್ಯಾಸ ಇದೆ. ಅದಕ್ಕೂ ಮೊದಲು ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ಮೂತ್ರದ ಪ್ರೋಟೀನ್, ಯಕೃತ್ತಿನ ಪರೀಕ್ಷೆ ಆಗಿರಲಿ. ಥೈರಾಯ್ಡ್ ಮಂದವಾದರೆ ಎಲ್‌ಡಿಎಲ್ ಏರುತ್ತದೆ, ಥೈರಾಯ್ಡ್ ಮಾತ್ರೆಯಿಂದಲೇ ಇಳಿಯುತ್ತದೆ. ನೆಫ್ರೋಟಿಕ್ ಸಿಂಡ್ರೋಮ್ (ಮೂತ್ರದಲ್ಲಿ ಪ್ರೋಟೀನ್ ಸೋರುವ ಮೂತ್ರಪಿಂಡದ ಕಾಯಿಲೆ), ಪಿತ್ತನಾಳ ಕಟ್ಟಿಕೊಳ್ಳುವ ಕಾಯಿಲೆಗಳಲ್ಲೂ ಹಾಗೆ. ಹಿಡಿತ ತಪ್ಪಿದ ಸಕ್ಕರೆ ಮತ್ತು ಮದ್ಯ ಟ್ರೈಗ್ಲಿಸರೈಡ್ ಏರಿಸುತ್ತವೆ. ಸ್ಟೆರಾಯ್ಡ್, ಥಯಾಜೈಡ್ ಬಗೆಯ ಬಿಪಿ ಮಾತ್ರೆ, ಈಸ್ಟ್ರೊಜನ್ ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಕೆಲವು ಮನೋರೋಗದ ಔಷಧಗಳು ಕೂಡ ಕಾರಣವಾಗಬಹುದು. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ರಿಪೋರ್ಟಿನ ಜೊತೆ ಒಯ್ಯಿರಿ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ.

ಮಾತ್ರೆ ಇಲ್ಲದೆಯೇ ಕೊಲೆಸ್ಟ್ರಾಲ್ ಇದ್ದಕ್ಕಿದ್ದಂತೆ ತೀರಾ ಇಳಿದಿದ್ದರೆ ಅದೂ ಖುಷಿಯ ಸುದ್ದಿಯಾಗಿರಬೇಕಿಲ್ಲ. ಅತಿಯಾದ ಥೈರಾಯ್ಡ್, ಆಹಾರ ಮೈಗೆ ಹತ್ತದ ಕಾಯಿಲೆ, ಯಕೃತ್ತಿನ ತೊಂದರೆ ಹೀಗೆ ತೋರಿಸಿಕೊಳ್ಳುತ್ತವೆ.

ಹಂತ 8: ಹಳೆಯ ರಿಪೋರ್ಟ್ ಪಕ್ಕಕ್ಕಿಟ್ಟು ನೋಡಿ

ಒಬ್ಬರದೇ ರಕ್ತದಲ್ಲಿ, ಏನೂ ಬದಲಾಗದಿದ್ದರೂ, ಎಲ್‌ಡಿಎಲ್ ದಿನದಿಂದ ದಿನಕ್ಕೆ ಶೇ. 8ರಷ್ಟು, ಟ್ರೈಗ್ಲಿಸರೈಡ್ ಶೇ. 20ರಷ್ಟು ಏರಿಳಿಯುತ್ತದೆ. ಎಲ್‌ಡಿಎಲ್ 120 ಇದ್ದದ್ದು 129 ಆಯಿತೆಂದು ಪಥ್ಯ ಸೋತಿದೆ ಎನ್ನುವಂತಿಲ್ಲ, 111ಕ್ಕೆ ಇಳಿಯಿತೆಂದು ಗೆದ್ದಿದೆ ಎನ್ನುವಂತೆಯೂ ಇಲ್ಲ. ದೊಡ್ಡ ತೀರ್ಮಾನಕ್ಕೆ ಮೊದಲು ಕೆಲವು ವಾರಗಳ ಅಂತರದಲ್ಲಿ ಎರಡು ಪರೀಕ್ಷೆ, ಅದೇ ಲ್ಯಾಬ್, ಅದೇ ಸ್ಥಿತಿ.

ಹಂತ 9: ಚಿಕಿತ್ಸೆ ಶುರುವಾದ ಮೇಲಿನ ಲೆಕ್ಕ

ಆಹಾರದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ನಿಖರವಾಗಿ ತಿಳಿದಿರಬೇಕು. ಬೆಣ್ಣೆಯಂಥ ಗಟ್ಟಿ ಕೊಬ್ಬನ್ನು ತೆಗೆದು ಆ ಜಾಗಕ್ಕೆ ದ್ರವರೂಪದ ಸಸ್ಯದ ಎಣ್ಣೆ, ಬೀಜಗಳನ್ನು ತಂದರೆ ಎಲ್‌ಡಿಎಲ್ ಇಳಿಯುತ್ತದೆ. ಬಿಳಿ ಹಿಟ್ಟು, ಸಕ್ಕರೆ ತಂದರೆ ಟ್ರೈಗ್ಲಿಸರೈಡ್ ಏರುತ್ತದೆ. ಕಾಳು, ಓಟ್ಸ್‌ಗಳಲ್ಲಿರುವ ಕರಗುವ ನಾರು ದಿನಕ್ಕೆ 5ರಿಂದ 10 ಗ್ರಾಂ ಸೇರಿದರೆ ಎಲ್‌ಡಿಎಲ್ ಶೇ. 5ರ ಆಸುಪಾಸು ಇಳಿಯಬಹುದು. ಮೈತೂಕದಲ್ಲಿ ಶೇ. 5ರಿಂದ 10 ಇಳಿಸಿದರೆ ಟ್ರೈಗ್ಲಿಸರೈಡ್ ಶೇ. 20ರವರೆಗೆ ಇಳಿಯುತ್ತದೆ. ಟ್ರೈಗ್ಲಿಸರೈಡ್ ಜೀವನಶೈಲಿಗೆ ಚೆನ್ನಾಗಿ ಮಣಿಯುತ್ತದೆ, ಎಲ್‌ಡಿಎಲ್ ಅಷ್ಟು ಮಣಿಯುವುದಿಲ್ಲ. 180ರಿಂದ 70ಕ್ಕೆ ಪಥ್ಯವೊಂದರಿಂದಲೇ ಬರಲಾಗದವರು ತಮ್ಮನ್ನು ದೂಷಿಸಿಕೊಳ್ಳಬೇಕಿಲ್ಲ.

ಸ್ಟ್ಯಾಟಿನ್ ಶುರುಮಾಡಿದ ಅಥವಾ ಪ್ರಮಾಣ ಬದಲಿಸಿದ 4ರಿಂದ 12 ವಾರದೊಳಗೆ ಮರುಪರೀಕ್ಷೆ ಆಗಬೇಕು. ಅಟೊರ್ವಸ್ಟ್ಯಾಟಿನ್ 40–80 ಅಥವಾ ರೊಸುವಸ್ಟ್ಯಾಟಿನ್ 20–40 ಮಿಲಿಗ್ರಾಂ ಎಲ್‌ಡಿಎಲ್ ಅನ್ನು ಅರ್ಧದಷ್ಟು ಅಥವಾ ಹೆಚ್ಚು ಇಳಿಸುತ್ತವೆ. ಪ್ರಮಾಣ ದುಪ್ಪಟ್ಟು ಮಾಡಿದರೆ ಪರಿಣಾಮ ದುಪ್ಪಟ್ಟಾಗುವುದಿಲ್ಲ, ಮೂಲ ಅಂಕಿಯ ಶೇ. 6ರಷ್ಟು ಮಾತ್ರ ಹೆಚ್ಚುವರಿ ಇಳಿಕೆ. ಮೊದಲು 160 ಇದ್ದದ್ದು ಮಾತ್ರೆಯಿಂದ 100ಕ್ಕೆ ಬಂದಿದೆ ಎನ್ನೋಣ. ಅದೇ ಮಾತ್ರೆ ದುಪ್ಪಟ್ಟಾದರೆ ಸುಮಾರು 90. ಬದಲಿಗೆ ಎಜೆಟಿಮೈಬ್ ಎಂಬ ಬೇರೆ ಬಗೆಯ ಮಾತ್ರೆ ಸೇರಿಸಿದರೆ ಉಳಿದ 100ರಲ್ಲಿ ಶೇ. 20ರಷ್ಟು ಇಳಿದು ಸುಮಾರು 80. ವೈದ್ಯರು ಎರಡನೆಯ ಮಾತ್ರೆ ಬರೆದಾಗ ‘ಒಂದೇ ಸಾಲದೇ’ ಎಂಬ ಪ್ರಶ್ನೆ ಏಳುವುದು ಸಹಜ, ಉತ್ತರ ಈ ಲೆಕ್ಕದಲ್ಲಿದೆ.

ಎಲ್‌ಡಿಎಲ್ ಪ್ರತಿ 39 ಇಳಿದಾಗ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಘಟನೆಗಳು ಸುಮಾರು ಶೇ. 22ರಷ್ಟು ಕಡಿಮೆಯಾಗುತ್ತವೆ ಎಂಬುದು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ಕಂಡ ಮಾತು. ಆ ಲಾಭ ಮಾತ್ರೆ ಮುಂದುವರಿದಷ್ಟು ಕಾಲ ಮಾತ್ರ. ‘ನಾರ್ಮಲ್ ಬಂತು, ಇನ್ನು ಸಾಕು’ ಎಂದು ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಜಾಗಕ್ಕೆ ಮರಳುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಾ ಮೈಕೈ ನೋವು ಬಂದರೆ ಸುಮ್ಮನೆ ಬಿಡುವ ಬದಲು ವೈದ್ಯರಿಗೆ ಹೇಳಿ. ಪ್ರಮಾಣ ಇಳಿಸುವುದು, ಬೇರೆ ಸ್ಟ್ಯಾಟಿನ್‌ಗೆ ಬದಲಿಸುವುದು, ದಿನ ಬಿಟ್ಟು ದಿನ ಕೊಡುವುದು ಇವೆಲ್ಲ ದಾರಿಗಳಿವೆ. ನೋವು ತೀವ್ರವಾಗಿದ್ದು ಮೂತ್ರ ಕಂದುಬಣ್ಣಕ್ಕೆ ತಿರುಗಿದ್ದರೆ ಮಾತ್ರ ಅಂದೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಮುಂದಿನ ಭೇಟಿಗೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ದಿನಾಂಕ, ಉಪವಾಸವೋ ಅಲ್ಲವೋ, ಟ್ರೈಗ್ಲಿಸರೈಡ್, ಎಲ್‌ಡಿಎಲ್, ನಾನ್-ಎಚ್‌ಡಿಎಲ್, ಆಗ ತೆಗೆದುಕೊಳ್ಳುತ್ತಿದ್ದ ಮಾತ್ರೆ ಮತ್ತು ಪ್ರಮಾಣ. ಚಿಕಿತ್ಸೆಗೂ ಮೊದಲಿನ ಎಲ್‌ಡಿಎಲ್ ಅಂಕಿಯನ್ನು ಮೇಲೆಯೇ ದಪ್ಪಕ್ಷರದಲ್ಲಿ ಬರೆದಿಡಿ. ವೈದ್ಯರು ಬದಲಾದಾಗ ಮೊದಲು ಕಳೆದುಹೋಗುವುದು ಅದೇ, ಅದಿಲ್ಲದೆ ಎಷ್ಟು ಇಳಿದಿದೆ ಎಂದು ಯಾರೂ ಹೇಳಲಾರರು.